ನಿಂತ ಕಾರಿನ ನಾಡಿಪರೀಕ್ಷೆ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಮಂಕಿ ಎಂಬ ಊರಿದೆ. ಅದರ ಪಶ್ಚಿಮಕ್ಕೆ ಅರಬ್ಬೀ ಸಮುದ್ರ; ಪೂರ್ವಕ್ಕೆ ಸಹ್ಯಾದ್ರಿಯ ಸಾಲು. ತೆಂಗು ಅಡಕೆಗಳ ತೋಟಗಳ ನಡುವೆ ಕರಾವಳಿಯ ಹೆದ್ದಾರಿ ಹಾದುಹೋಗುತ್ತದೆ. ಮೊದಲು 17ನೆಯ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 66 ಎಂಬ ಸಂಖ್ಯೆ. ಉತ್ತರಕ್ಕೆ ಹೊರಟರೆ ಶರಾವತಿಯ ಸೇತುವೆಯನ್ನು ದಾಟಿ ಹೊನ್ನಾವರ, ಮುಂದೆ ಕುಮಟಾ; ದಕ್ಷಿಣಕ್ಕೆ ಹೊರಟರೆ ಮುರ್ಡೇಶ್ವರ, ಭಟ್ಕಳ. ಹೊನ್ನಾವರದಿಂದ ಪೂರ್ವಕ್ಕೆ ತಿರುಗಿದರೆ ಗೇರುಸೊಪ್ಪೆಯ ಘಟ್ಟವನ್ನೇರಿ ಜೋಗದ ಕಡೆಗೆ ಸಾಗುವ ದಾರಿ. ಹಗಲಿರುಳೂ ಈ ದಾರಿಗಳಲ್ಲಿ ವಾಹನಗಳು ಓಡುತ್ತಲೇ ಇರುತ್ತವೆ. ಹೀಗೆ ವಾಹನಗಳು ಓಡುವಲ್ಲೆಲ್ಲ ದುರಸ್ತಿಯ ಅಂಗಡಿಗಳೂ ಇರುತ್ತವೆ.

ಇಂತಹ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ಕೇಳಿದವರಿಗೆ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಓಡುವಾಗ ಕಾರು ಚೆನ್ನಾಗಿಯೇ ಓಡುತ್ತದೆ, ನಿಲ್ಲಿಸಿದಾಗ ಮಾತ್ರ ನಡುಗುತ್ತದೆ, ಕೆಲವು ಸಲ ಆರಿಯೇ ಹೋಗುತ್ತದೆ.” ಓಡುವುದು ಕಠಿಣವಾದ ಕೆಲಸ, ನಿಲ್ಲುವುದು ಸುಲಭವಾದ ಕೆಲಸ ಎಂದು ತಿಳಿದವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಬೆಟ್ಟವನ್ನೇರಬಲ್ಲ ಯಂತ್ರವು ನಿಂತಲ್ಲಿ ಉಸಿರಾಡಲು ಏಕೆ ತಿಣುಕಬೇಕು? ಈ ಪ್ರಶ್ನೆಯನ್ನು ಬಿಡಿಸಿದರೆ ಯಂತ್ರದ ಒಳಗುಟ್ಟು ತಿಳಿಯುವುದು ಮಾತ್ರವಲ್ಲದೆ, ಯಾವುದೇ ತೊಂದರೆಯ ಮೂಲವನ್ನು ಹುಡುಕುವ ಕ್ರಮವೂ ತಿಳಿಯುತ್ತದೆ.

ಕಾರಿನ ಎಂಜಿನ್ನು ಒಂದು ಅಂತರ್ದಹನ ಯಂತ್ರ. ಅಂದರೆ ಇಂಧನವು ಅದರ ಒಡಲಿನೊಳಗೇ ಉರಿಯುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಸಿಲಿಂಡರಿನೊಳಕ್ಕೆ ಬರುತ್ತದೆ; ಪಿಸ್ಟನ್ನು ಮೇಲೇರಿ ಅದನ್ನು ಅದುಮುತ್ತದೆ; ಸ್ಪಾರ್ಕ್ ಪ್ಲಗ್ಗು ಕಿಡಿಯನ್ನು ಕೊಡುತ್ತದೆ; ಮಿಶ್ರಣ ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ; ಕೊನೆಗೆ ಉರಿದ ಹೊಗೆ ಹೊರಕ್ಕೆ ಹೋಗುತ್ತದೆ. ಸೇವನೆ, ಸಂಪೀಡನ, ದಹನ, ವಿಸರ್ಜನೆ ಎಂಬ ಈ ನಾಲ್ಕು ಹಂತಗಳು ಮುಗಿಯುವಷ್ಟರಲ್ಲಿ ಎಂಜಿನ್ನಿನ ದಂಡವು ಎರಡು ಸುತ್ತು ತಿರುಗಿರುತ್ತದೆ.

ಚಾಲಕನು ವೇಗವರ್ಧಕದ ಮೆಟ್ಟಿಲನ್ನು ಒತ್ತಿದಾಗ ಗಾಳಿಯ ದಾರಿಯಲ್ಲಿರುವ ಒಂದು ತಟ್ಟೆಯಂತಹ ಬಾಗಿಲು ತೆರೆದುಕೊಳ್ಳುತ್ತದೆ. ಅದಕ್ಕೆ ಥ್ರಾಟಲ್ ಎಂದು ಹೆಸರು. ಕಾಲನ್ನು ಪೂರ್ತಿಯಾಗಿ ತೆಗೆದಾಗ ಆ ಬಾಗಿಲು ಹೆಚ್ಚು ಕಡಿಮೆ ಮುಚ್ಚಿಕೊಳ್ಳುತ್ತದೆ. ಆದರೂ ಎಂಜಿನ್ನು ಆರಬಾರದು. ತನ್ನ ಅಂಗಗಳ ಘರ್ಷಣೆಯನ್ನು ಗೆಲ್ಲುವಷ್ಟು, ನೀರಿನ ಪಂಪನ್ನೂ ವಿದ್ಯುತ್ತನ್ನು ಉಂಟುಮಾಡುವ ಯಂತ್ರವನ್ನೂ ತಿರುಗಿಸುವಷ್ಟು ಶಕ್ತಿಯನ್ನು ಅದು ತಾನಾಗಿಯೇ ಪಡೆಯುತ್ತಿರಬೇಕು. ಹೀಗೆ ಯಾವ ಭಾರವನ್ನೂ ಎಳೆಯದೆ, ನಿಂತಲ್ಲೇ ತಿರುಗುವ ವೇಗಕ್ಕೆ ‘ಐಡಲ್ ವೇಗ’ ಎನ್ನುತ್ತಾರೆ. ಸಾಮಾನ್ಯವಾದ ನಾಲ್ಕು ಸಿಲಿಂಡರಿನ ಕಾರಿನಲ್ಲಿ, ಎಂಜಿನ್ನು ಬಿಸಿಯೇರಿದ ಮೇಲೆ, ಇದು ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತುಗಳು. ಇದನ್ನು ಯಂತ್ರದ ನಾಡಿ ಎಂದರೆ ತಪ್ಪಾಗಲಾರದು. ವೈದ್ಯನು ಓಡುತ್ತಿರುವವನ ನಾಡಿಯನ್ನು ಹಿಡಿಯುವುದಿಲ್ಲ. ಕುಳಿತು ಸುಧಾರಿಸಿಕೊಂಡವನ ನಾಡಿಯನ್ನು ಹಿಡಿಯುತ್ತಾನೆ. ಕಾರಿನ ಒಳರೋಗವೂ ಅದು ನಿಂತಾಗಲೇ ಚೆನ್ನಾಗಿ ತಿಳಿಯುತ್ತದೆ.

ಇದಕ್ಕೆ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. ನಿಮಿಷಕ್ಕೆ 800 ಸುತ್ತು ತಿರುಗುವ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 400 ಸಲ ಕಿಡಿ ಹೊತ್ತುತ್ತದೆ. ನಾಲ್ಕೂ ಸೇರಿ 1600 ಸಲ. ಅಂದರೆ ಸೆಕೆಂಡಿಗೆ ಸುಮಾರು 27. ವೇಗವಾಗಿ ಓಡುವಾಗ ಇದರ ಮೂರು ನಾಲ್ಕು ಪಟ್ಟು ದಹನಗಳಾಗುತ್ತವೆ. ಒಂದೆರಡು ತಪ್ಪಿದರೂ ತಿರುಗುವ ಭಾರಚಕ್ರದ ರಭಸ ಆ ಕೊರತೆಯನ್ನು ಮುಚ್ಚಿಬಿಡುತ್ತದೆ. ನಿಂತಲ್ಲಿ ರಭಸ ಕಡಿಮೆ, ದೊರೆಯುವ ಗಾಳಿ ಕಡಿಮೆ, ಇಂಧನವೂ ಅತ್ಯಲ್ಪ. ಆಗ ಒಂದು ದಹನ ತಪ್ಪಿದರೂ ಇಡೀ ಕಾರು ಮೈನಡುಗಿಸುತ್ತದೆ. ಬಿರುಗಾಳಿಯಲ್ಲಿ ಒಂದು ಬಿರುಕಿನಿಂದ ಬರುವ ಗಾಳಿ ಯಾರ ಗಮನಕ್ಕೂ ಬಾರದು. ಮುಚ್ಚಿದ ಕೋಣೆಯಲ್ಲಿ ಅದೇ ಬಿರುಕು ದೀಪವನ್ನು ಆರಿಸಬಲ್ಲದು.

ಯಂತ್ರವೊಂದು ತನ್ನ ವೇಗವನ್ನು ತಾನೇ ಕಾಯ್ದುಕೊಳ್ಳಬೇಕೆಂಬ ಯೋಚನೆ ಕಾರಿಗಿಂತ ಹಳೆಯದು. ಜೇಮ್ಸ್ ವಾಟನು 1788ರಲ್ಲಿ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ನಿಯಂತ್ರಕವನ್ನು ಅಳವಡಿಸಿದನು. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ದೂರ ಸರಿದು ಉಗಿಯ ಬಾಗಿಲನ್ನು ಮುಚ್ಚುತ್ತಿದ್ದವು. ವೇಗ ಇಳಿದರೆ ಹತ್ತಿರ ಬಂದು ಬಾಗಿಲನ್ನು ತೆರೆಯುತ್ತಿದ್ದವು. ಆದರೆ ಇಂತಹ ಕೆಲವು ಯಂತ್ರಗಳು ಒಂದೇ ವೇಗದಲ್ಲಿ ನಿಲ್ಲದೆ ಏರುತ್ತ ಇಳಿಯುತ್ತ ತೊನೆಯುತ್ತಿದ್ದವು. ಇದು ಏಕೆಂಬುದನ್ನು ಭೌತವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗಣಿತದಿಂದ ವಿವರಿಸಿದನು. ದೋಣಿ ನಡೆಸಲು ಹೊಸದಾಗಿ ಕಲಿಯುವವನು ದೋಣಿ ಎಡಕ್ಕೆ ವಾಲಿದೊಡನೆ ಚುಕ್ಕಾಣಿಯನ್ನು ಅತಿಯಾಗಿ ಬಲಕ್ಕೆ ತಿರುಗಿಸುತ್ತಾನೆ. ಅದು ಬಲಕ್ಕೆ ವಾಲಿದ ಮೇಲೆ ಅತಿಯಾಗಿ ಎಡಕ್ಕೆ. ತಿದ್ದುವಿಕೆ ತಡವಾಗಿ, ಅಗತ್ಯಕ್ಕಿಂತ ಹೆಚ್ಚಾಗಿ ಬಂದಾಗ ತಿದ್ದುವಿಕೆಯೇ ತೊಂದರೆಯಾಗುತ್ತದೆ. ಇಂದಿನ ಕಾರು ನಿಂತಲ್ಲಿ ಏರುತ್ತ ಇಳಿಯುತ್ತ ಗುರುಗುಟ್ಟುವಾಗಲೂ ಹಲವು ಸಲ ಇದೇ ನಡೆಯುತ್ತಿರುತ್ತದೆ.

ಗಾಳಿಗೆ ಪೆಟ್ರೋಲನ್ನು ಬೆರೆಸುವ ಕೆಲಸವನ್ನು ಬಹುಕಾಲ ಮಾಡಿದ್ದು ಕಾರ್ಬ್ಯುರೇಟರು. ಪೆಟ್ರೋಲನ್ನು ಸಣ್ಣ ರಂಧ್ರದಿಂದ ಸಿಂಪಡಿಸುವ ಬಗೆಯ ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ 1893ರ ಸುಮಾರಿಗೆ ರೂಪಿಸಿದನು. ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 ಮುಂತಾದ ಪೆಟ್ರೋಲ್ ಕಾರುಗಳು ಈ ಉಪಕರಣವನ್ನೇ ನಂಬಿದ್ದವು. ಹೊಗೆಯ ನಿಯಮಗಳು ಬಿಗಿಯಾದಂತೆ, 2000ದ ಆಸುಪಾಸಿನಲ್ಲಿ, ಇದರ ಸ್ಥಾನವನ್ನು ಇಂಧನವನ್ನು ಅಳೆದು ಚಿಮ್ಮಿಸುವ ಇಂಜೆಕ್ಟರುಗಳೂ ಅವನ್ನು ಆಳುವ ಗಣಕವೂ ಆಕ್ರಮಿಸಿಕೊಂಡವು. ಸಾಧನ ಬದಲಾದರೂ ತತ್ತ್ವ ಬದಲಾಗಲಿಲ್ಲ. ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲು, ಸಕಾಲದಲ್ಲಿ ಬಲವಾದ ಕಿಡಿ, ಸೋರದ ಸಂಪೀಡನ: ಈ ಮೂರೂ ಕೂಡಿದರೆ ಎಂಜಿನ್ನು ಸಮವಾಗಿ ಉಸಿರಾಡುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ನಾಡಿ ತಪ್ಪುತ್ತದೆ.

ಹಾಗಾದರೆ ತಪ್ಪಿರುವುದು ಯಾವುದು ಎಂದು ತಿಳಿಯುವುದು ಹೇಗೆ? ಅನುಭವಿಯಾದ ಕುಶಲಕರ್ಮಿಯು ಮೊದಲು ಉಪಕರಣಗಳನ್ನು ಕೈಗೆತ್ತಿಕೊಳ್ಳುವುದಿಲ್ಲ, ಪ್ರಶ್ನೆಗಳನ್ನು ಕೇಳುತ್ತಾನೆ. ತೊಂದರೆ ಎಂದಿನಿಂದ? ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗಲೋ, ಬಿಸಿಯೇರಿದ ಮೇಲೋ? ಯಾವಾಗಲೂ ಇದೆಯೋ, ಮಳೆ ಬಂದಾಗ ಮಾತ್ರವೋ? ತಂಪುಗಾಳಿಯ ಯಂತ್ರವನ್ನೋ ದೀಪಗಳನ್ನೋ ಹಚ್ಚಿದಾಗ ಹೆಚ್ಚುತ್ತದೆಯೇ? ಇತ್ತೀಚೆಗೆ ಬೇರೇನಾದರೂ ದುರಸ್ತಿಯಾಗಿತ್ತೇ? ಈ ಒಂದೊಂದು ಪ್ರಶ್ನೆಯೂ ಕಾರಣಗಳ ಒಂದೊಂದು ಗುಂಪನ್ನು ಬದಿಗೆ ಸರಿಸುತ್ತದೆ. ತಣ್ಣಗಿರುವಾಗ ಮಾತ್ರ ನಡುಗಿದರೆ ಹಳೆಯ ಕಾರಿನಲ್ಲಿ ಚೋಕ್ ಎಂಬ ಬಾಗಿಲಿನ ಮೇಲೆ, ಹೊಸ ಕಾರಿನಲ್ಲಿ ನೀರಿನ ಉಷ್ಣತೆಯನ್ನು ಅಳೆಯುವ ಸಂವೇದಕದ ಮೇಲೆ ಸಂದೇಹ ಹುಟ್ಟುತ್ತದೆ. ಮಳೆಯಲ್ಲಿ ಮಾತ್ರ ನಡುಗಿದರೆ ವಿದ್ಯುತ್ತಿನ ತಂತಿಗಳನ್ನು ನೋಡಬೇಕು. ಗಾಳಿಯ ಶೋಧಕವನ್ನು ಬದಲಿಸಿದ ಮರುದಿನವೇ ತೊಂದರೆ ಆರಂಭವಾಗಿದ್ದರೆ ಆಗ ಕಳಚಿದ ಯಾವುದೋ ಕೊಳವೆಯನ್ನು ಮರಳಿ ಜೋಡಿಸಿಲ್ಲವೆಂದು ಊಹಿಸಬಹುದು.

ಕೇಳಿದ ಮೇಲೆ ನೋಡುವುದು, ಆಲಿಸುವುದು. ಐಡಲಿನ ದೋಷಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ವೇಗ ಅತಿಯಾಗಿರುವುದು, ವೇಗ ಇಳಿದು ಆರಿಹೋಗುವುದು, ಏರುತ್ತ ಇಳಿಯುತ್ತ ತೊನೆಯುವುದು, ವೇಗ ಸರಿಯಿದ್ದರೂ ನಡುಗುವುದು. ವೇಗ ಅತಿಯಾಗಿದ್ದರೆ ಬೇಡದ ಗಾಳಿ ಒಳಕ್ಕೆ ಬರುತ್ತಿದೆ ಎಂದರ್ಥ. ಥ್ರಾಟಲಿನ ತಂತಿ ಬಿಗಿಯಾಗಿರಬಹುದು, ಬಾಗಿಲು ಪೂರ್ತಿ ಮುಚ್ಚದಿರಬಹುದು. ಆರಿಹೋಗುತ್ತಿದ್ದರೆ ಗಾಳಿಯೋ ಇಂಧನವೋ ಸಾಲದು. ಬಾಗಿಲಿನ ಅಂಚಿನಲ್ಲಿ ಮಸಿ ಕಟ್ಟಿಕೊಂಡಿರಬಹುದು, ಕಾರ್ಬ್ಯುರೇಟರಿನ ಐಡಲ್ ರಂಧ್ರದಲ್ಲಿ ಕಸ ಸಿಕ್ಕಿರಬಹುದು. ಸೂಜಿಯ ಮೊನೆಯಷ್ಟು ಕಿರಿದಾದ ಆ ರಂಧ್ರವನ್ನು ಮುಚ್ಚಲು ಒಂದು ಕಣ ಸಾಕು. ತೊನೆಯುತ್ತಿದ್ದರೆ ಮಿಶ್ರಣದ ಹದ ಒಂದೇ ಸಮನಾಗಿಲ್ಲ. ನಿಯಮಿತವಾದ ತಾಳದಲ್ಲಿ ನಡುಗುತ್ತಿದ್ದರೆ ಒಂದು ಸಿಲಿಂಡರು ತನ್ನ ಪಾಲಿನ ಕೆಲಸವನ್ನು ಮಾಡುತ್ತಿಲ್ಲ.

ಹೊಗೆಯೂ ಸಾಕ್ಷಿ ನುಡಿಯುತ್ತದೆ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆ. ನೀಲಿಛಾಯೆಯಿದ್ದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪುಕಾರಕ ನೀರು ಸಿಲಿಂಡರನ್ನು ಸೇರುತ್ತಿರಬಹುದು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ತುದಿಯ ಬಣ್ಣವೂ ಕಥೆಯನ್ನು ಹೇಳುತ್ತದೆ. ನಸುಗಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಮಸಿ ಪೆಟ್ರೋಲು ಹೆಚ್ಚೆಂಬುದರ ಗುರುತು. ಸುಣ್ಣದಂತಹ ಬಿಳುಪು ಪೆಟ್ರೋಲು ಕಡಿಮೆಯೆಂಬುದರ ಅಥವಾ ಅತಿಯಾದ ಶಾಖದ ಗುರುತು.

ಇನ್ನು ಪರೀಕ್ಷೆಯ ಮಾತು. ಎಲ್ಲಕ್ಕಿಂತ ಸರಳವಾದ, ಆದರೆ ಬಹಳ ಅರ್ಥವತ್ತಾದ ಪರೀಕ್ಷೆಯೆಂದರೆ ಎಂಜಿನ್ನಿನ ವೇಗವನ್ನು ನಿಧಾನವಾಗಿ ನಿಮಿಷಕ್ಕೆ 2000 ಸುತ್ತಿನವರೆಗೆ ಏರಿಸಿ ನೋಡುವುದು. ನಿಂತಲ್ಲಿದ್ದ ನಡುಕ ವೇಗ ಏರಿದೊಡನೆ ಮಾಯವಾದರೆ ಎಲ್ಲೋ ಕಳ್ಳಗಾಳಿ ಒಳನುಗ್ಗುತ್ತಿರುವ ಸಂಭವ ಹೆಚ್ಚು. ಏಕೆಂದರೆ ಬಾಗಿಲು ಮುಚ್ಚಿರುವಾಗ ಬಿರುಕಿನಿಂದ ಬರುವ ಗಾಳಿ ಒಟ್ಟು ಗಾಳಿಯ ದೊಡ್ಡ ಪಾಲಾಗುತ್ತದೆ. ಬಾಗಿಲು ತೆರೆದಾಗ ಅದೇ ಗಾಳಿ ಸಮುದ್ರದೊಳಗಿನ ಬೊಗಸೆ ನೀರಿನಂತಾಗುತ್ತದೆ. ವೇಗ ಏರಿದಷ್ಟೂ ತೊಂದರೆ ಹೆಚ್ಚಿದರೆ ಇಂಧನದ ಪೂರೈಕೆಯನ್ನೋ ಕಿಡಿಯನ್ನೋ ಶಂಕಿಸಬೇಕು.

ಎರಡನೆಯ ಪರೀಕ್ಷೆ ನಿರ್ವಾತಮಾಪಕದ್ದು. ಬಾಗಿಲು ಮುಚ್ಚಿರುವಾಗ ಪಿಸ್ಟನ್ನುಗಳು ಗಾಳಿಯನ್ನು ಹೀರಲೆಳಸುವುದರಿಂದ ಒಳಕೊಳವೆಯಲ್ಲಿ ನಿರ್ವಾತ ಉಂಟಾಗುತ್ತದೆ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ನು ಪಾದರಸದ ಸುಮಾರು 430ರಿಂದ 530 ಮಿಲಿಮೀಟರಿನಷ್ಟು ನಿರ್ವಾತವನ್ನು ತೋರಿಸುತ್ತದೆ ಮತ್ತು ಮಾಪಕದ ಮುಳ್ಳು ಅಲುಗದೆ ನಿಲ್ಲುತ್ತದೆ. ಮುಳ್ಳು ಕೆಳಗೆ ಸ್ಥಿರವಾಗಿ ನಿಂತರೆ ಗಾಳಿಯ ಸೋರಿಕೆ ಅಥವಾ ತಡವಾಗಿ ಬರುವ ಕಿಡಿ. ನಿಯಮಿತವಾಗಿ ಒಮ್ಮೊಮ್ಮೆ ಕುಪ್ಪಳಿಸಿದರೆ ಒಂದು ಕವಾಟದ ದೋಷ. ಮೆಲ್ಲಗೆ ತೇಲಾಡಿದರೆ ಮಿಶ್ರಣದ ದೋಷ. ಇಲ್ಲಿ ಸ್ಥಳವನ್ನೂ ಮರೆಯಬಾರದು. ಮಂಕಿ ಸಮುದ್ರದ ದಂಡೆಯಲ್ಲಿದೆ. ಸಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡವೇ ಕಡಿಮೆಯಾದುದರಿಂದ ಅದೇ ಕಾರು ಅಲ್ಲಿ ಸುಮಾರು 50 ಮಿಲಿಮೀಟರು ಕಡಿಮೆ ತೋರಿಸುತ್ತದೆ. ಅದು ರೋಗವಲ್ಲ. ಘಟ್ಟದ ಮೇಲೆ ಹದಗೊಳಿಸಿದ ಕಾರ್ಬ್ಯುರೇಟರು ಕರಾವಳಿಗೆ ಇಳಿದಾಗ ದಟ್ಟವಾದ ಗಾಳಿಯಿಂದಾಗಿ ಮಿಶ್ರಣ ತುಸು ತೆಳುವಾಗುವುದೂ ಉಂಟು.

ಸೋರಿಕೆಯ ಜಾಗವನ್ನು ಹುಡುಕಲು ಕೊಳವೆಗಳ ಸಂದುಗಳ ಮೇಲೆ ಒಂದೊಂದಾಗಿ ಸ್ವಲ್ಪ ನೀರನ್ನು ಸಿಂಪಡಿಸುವುದುಂಟು. ಬಿರುಕಿರುವಲ್ಲಿ ನೀರು ಕ್ಷಣಕಾಲ ಗಾಳಿಯನ್ನು ತಡೆಯುವುದರಿಂದ ಎಂಜಿನ್ನಿನ ದನಿ ಬದಲಾಗುತ್ತದೆ. ನೀರಿನ ಬದಲು ಪೆಟ್ರೋಲನ್ನು ಸಿಂಪಡಿಸುವ ಅಭ್ಯಾಸವು ಅತ್ಯಂತ ಅಪಾಯಕರ. ಬಿಸಿಯಾದ ಲೋಹಕ್ಕೆ ಅಥವಾ ಒಂದು ಕಿಡಿಗೆ ತಗುಲಿದರೆ ಕಾರು ಹೊತ್ತಿ ಉರಿದೀತು. ನಡುಗುವ ಸಿಲಿಂಡರು ಯಾವುದೆಂದು ತಿಳಿಯಲು ಒಂದೊಂದನ್ನೇ ಕೆಲಸದಿಂದ ಬಿಡಿಸಿ ನೋಡುವ ಕ್ರಮವೂ ಇದೆ. ಕೆಲಸ ಮಾಡುತ್ತಿದ್ದ ಸಿಲಿಂಡರನ್ನು ಬಿಡಿಸಿದರೆ ವೇಗ ಇಳಿಯುತ್ತದೆ. ಮೊದಲೇ ಸತ್ತಿದ್ದನ್ನು ಬಿಡಿಸಿದರೆ ಏನೂ ವ್ಯತ್ಯಾಸವಾಗದು. ಆದರೆ ಪ್ಲಗ್ಗಿನ ತಂತಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿರುವುದರಿಂದ ಇದು ತಿಳಿದವರು ಮಾತ್ರ ಮಾಡತಕ್ಕ ಕೆಲಸ.

ಕರಾವಳಿಯ ಕಾರುಗಳಿಗೆ ತಮ್ಮವೇ ಆದ ಕೆಲವು ಕಾಯಿಲೆಗಳಿವೆ. ಹೊನ್ನಾವರದ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ಮಳೆಗಾಲದ ತೇವ ಹಳೆಯ ಕಾರಿನ ಕಿಡಿ ಹಂಚುವ ಡಬ್ಬಿಯ ಮುಚ್ಚಳದೊಳಗೆ ಸೇರುತ್ತದೆ. ಆಗ ವಿದ್ಯುತ್ತು ಪ್ಲಗ್ಗನ್ನು ತಲುಪುವ ಮೊದಲೇ ತೇವದ ದಾರಿ ಹಿಡಿದು ಹರಿದುಹೋಗುತ್ತದೆ. ಒಣಬಟ್ಟೆಯಿಂದ ಮುಚ್ಚಳವನ್ನು ಒರೆಸಿದ್ದರಿಂದಲೇ ಜೀವ ಬಂದ ಕಾರುಗಳು ಕರಾವಳಿಯಲ್ಲಿ ಅನೇಕ. ಇನ್ನೊಂದು ಶತ್ರು ಉಪ್ಪಿನ ಗಾಳಿ. ಅದು ತಾಮ್ರದ ತಂತಿಯ ತುದಿಗಳನ್ನು ಹಸಿರುಗಟ್ಟಿಸುತ್ತದೆ. ಬ್ಯಾಟರಿಯಿಂದ ಕಾರಿನ ಮೈಗೆ ಬರುವ ಭೂಸಂಪರ್ಕದ ಕೀಲನ್ನು ತುಕ್ಕು ಹಿಡಿಸುತ್ತದೆ. ಆ ಒಂದು ಕೀಲು ಸಡಿಲವಾದರೂ ಸಂವೇದಕಗಳು ಗಣಕಕ್ಕೆ ಸುಳ್ಳು ವರದಿಯನ್ನು ಕಳುಹಿಸುತ್ತವೆ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ನೀರನ್ನು ಸೆಳೆದುಕೊಳ್ಳುವ ಗುಣವುಳ್ಳದ್ದು. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಕಾರಿನ ಟ್ಯಾಂಕಿನೊಳಕ್ಕೆ ತೇವ ಸೇರಿದರೆ ತೊಂದರೆ ತಪ್ಪಿದ್ದಲ್ಲ.

ಹೊಸ ಕಾರುಗಳಲ್ಲಿ ಐಡಲ್ ವೇಗವನ್ನು ಗಣಕವೇ ಕಾಯುತ್ತದೆ. ದೋಷ ಕಂಡಾಗ ಅದು ಮುಂಭಾಗದ ಫಲಕದಲ್ಲಿ ದೀಪವನ್ನು ಹೊತ್ತಿಸಿ ಒಂದು ಸಂಕೇತವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ‘ಪಿ 0505’ ಎಂದರೆ ಐಡಲ್ ನಿಯಂತ್ರಣದಲ್ಲಿ ದೋಷ. ‘ಪಿ 0171’ ಎಂದರೆ ಮಿಶ್ರಣ ತೆಳುವಾಗಿದೆ. ಇದನ್ನು ಓದಿದೊಡನೆ ಆ ಹೆಸರಿನ ಬಿಡಿಭಾಗವನ್ನು ಬದಲಿಸಿಬಿಡುವುದು ಅವಿವೇಕ. ಸಂಕೇತವು ಎಲ್ಲಿ ಹುಡುಕಬೇಕೆಂಬುದನ್ನು ಹೇಳುತ್ತದೆಯೇ ಹೊರತು ಏನು ಕೆಟ್ಟಿದೆಯೆಂಬುದನ್ನು ಹೇಳುವುದಿಲ್ಲ. ಮಿಶ್ರಣ ತೆಳುವಾಗಲು ನೂರು ರೂಪಾಯಿಯ ಕೊಳವೆಯ ಬಿರುಕೂ ಕಾರಣವಾಗಬಹುದು, ಸಾವಿರಾರು ರೂಪಾಯಿಯ ಸಂವೇದಕವೂ ಕಾರಣವಾಗಬಹುದು. ವಿವೇಚನೆಯ ಕೆಲಸವನ್ನು ಯಂತ್ರ ಮನುಷ್ಯನಿಗೇ ಬಿಟ್ಟಿದೆ.

ವಿವೇಚನೆಯಿಲ್ಲದ ದುರಸ್ತಿ ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಒಂದು ನಿದರ್ಶನವನ್ನು ಊಹಿಸಿಕೊಳ್ಳಬಹುದು. ಮಂಕಿಯ ಒಂದು ಕುಟುಂಬ ಮರುದಿನ ಬೆಳಗ್ಗೆ ಘಟ್ಟದ ಮೇಲಿನ ನೆಂಟರ ಮನೆಗೆ ಹೊರಡಬೇಕು. ಅವರ ಕಾರು ನಿಂತಲ್ಲಿ ನಡುಗಿ ಆರುತ್ತಿದೆ. ಅವಸರದ ಕೆಲಸಗಾರನಾದರೆ ಐಡಲಿನ ತಿರುಪನ್ನು ಅರ್ಧ ಸುತ್ತು ತಿರುಗಿಸುತ್ತಾನೆ. ಎಂಜಿನ್ನು ಜೋರಾಗಿ ತಿರುಗುತ್ತದೆ, ನಡುಕ ನಿಲ್ಲುತ್ತದೆ, ಒಡೆಯನಿಗೂ ಸಂತೋಷವಾಗುತ್ತದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಅದೇ ಕಾರು ವಿವೇಕಿಯಾದ ಕುಶಲಕರ್ಮಿಯ ಕೈಗೆ ಬಂದಿತೆನ್ನೋಣ. ಅವನು ತಿರುಪನ್ನು ಮುಟ್ಟುವುದಿಲ್ಲ. ವೇಗ ಏರಿಸಿ ನೋಡುತ್ತಾನೆ, ನಡುಕ ಮಾಯವಾಗುತ್ತದೆ. ಎಲ್ಲೋ ಗಾಳಿ ಸೋರುತ್ತಿದೆ ಎಂದು ತಿಳಿಯುತ್ತಾನೆ. ಸಂದುಗಳ ಮೇಲೆ ನೀರನ್ನು ಸಿಂಪಡಿಸುತ್ತಾನೆ, ದನಿ ಬದಲಾಗುವುದಿಲ್ಲ. ಒಳಕೊಳವೆಯಿಂದ ನಿರ್ವಾತವನ್ನು ಪಡೆಯುವ ಬೇರೆ ಅಂಗಗಳಾವುವು ಎಂದು ಯೋಚಿಸುತ್ತಾನೆ. ಅವುಗಳಲ್ಲಿ ದೊಡ್ಡದು ಬ್ರೇಕಿನ ಬೂಸ್ಟರು. ಚಾಲಕನ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಆ ಡಬ್ಬಿಯೊಳಗೆ ರಬ್ಬರಿನ ಒಂದು ಪೊರೆಯಿದೆ. ಒಂದು ಪಕ್ಕದಲ್ಲಿ ನಿರ್ವಾತ, ಇನ್ನೊಂದು ಪಕ್ಕದಲ್ಲಿ ಹೊರಗಿನ ಗಾಳಿ. ಈ ಎರಡರ ಅಂತರವೇ ಅದರ ಬಲ. ಕುಶಲಕರ್ಮಿ ಬೂಸ್ಟರಿನ ಕೊಳವೆಯನ್ನು ಬಿಡಿಸಿ ಅದರ ಬಾಯನ್ನು ಬಿಗಿಯಾಗಿ ಮುಚ್ಚುತ್ತಾನೆ. ಎಂಜಿನ್ನು ಒಡನೆಯೇ ಸಮವಾಗಿ ತಿರುಗುತ್ತದೆ. ಕೊಳವೆಯನ್ನು ಮರಳಿ ಜೋಡಿಸಿ, ಎಂಜಿನ್ನನ್ನು ನಿಲ್ಲಿಸಿ, ಬ್ರೇಕಿನ ಮೆಟ್ಟಿಲನ್ನು ಹಲವು ಸಲ ಒತ್ತಿ, ಕೊನೆಗೆ ಒತ್ತಿ ಹಿಡಿದೇ ಎಂಜಿನ್ನನ್ನು ಹೊರಡಿಸುತ್ತಾನೆ. ಬೂಸ್ಟರು ಸರಿಯಾಗಿದ್ದರೆ ಆಗ ಮೆಟ್ಟಿಲು ತುಸು ಕೆಳಕ್ಕೆ ಇಳಿಯಬೇಕು. ಅದು ಇಳಿಯುವುದಿಲ್ಲ, ಬದಲಾಗಿ ‘ಸ್ಸ್’ ಎಂಬ ಸದ್ದು ಕೇಳಿಸುತ್ತದೆ. ಪೊರೆ ಹರಿದಿದೆ.

ಎಂಜಿನ್ನಿನ ನಡುಕವು ವಾಸ್ತವವಾಗಿ ಬ್ರೇಕಿನ ರೋಗದ ಮುನ್ಸೂಚನೆಯಾಗಿತ್ತು! ತಿರುಪನ್ನು ತಿರುಗಿಸಿದ್ದರೆ ಆ ಸೂಚನೆ ಮಾತ್ರ ಅಡಗುತ್ತಿತ್ತು. ಹರಿದ ಪೊರೆ ಹರಿದೇ ಇರುತ್ತಿತ್ತು. ಮರುದಿನ ಗೇರುಸೊಪ್ಪೆಯ ಘಟ್ಟವನ್ನು ಇಳಿಯುವಾಗ, ತಿರುವಿನಿಂದ ತಿರುವಿಗೆ ಬ್ರೇಕನ್ನು ಒತ್ತುವಾಗ, ಮೆಟ್ಟಿಲು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಬ್ರೇಕು ಪೂರ್ತಿಯಾಗಿ ಸಾಯುವುದಿಲ್ಲ, ನಿಜ. ಆದರೆ ಕಾರನ್ನು ನಿಲ್ಲಿಸಲು ಎಂದಿಗಿಂತ ಹಲವು ಪಟ್ಟು ಬಲ ಬೇಕಾಗುತ್ತದೆ. ಅದಕ್ಕೆ ಸಿದ್ಧನಾಗಿರದ ಚಾಲಕನಿಗೆ, ಎದುರಿನಿಂದ ಲಾರಿ ಬರುತ್ತಿರುವ ತಿರುವಿನಲ್ಲಿ, ಯೋಚಿಸಲು ಒಂದೆರಡು ಕ್ಷಣಗಳಿಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಹಿಂದಿನ ಸಂಜೆ ಉಳಿಸಿದ ಅರ್ಧ ಗಂಟೆಯ ಬೆಲೆ ಆಗ ತಿಳಿಯುತ್ತದೆ.

ಜ್ವರ ಬಂದವನ ಮೈಮೇಲೆ ತಣ್ಣೀರು ಸುರಿದರೆ ಮೈ ತಣ್ಣಗಾದೀತು. ಜ್ವರದ ಕಾರಣ ಹೋಗದು. ಐಡಲಿನ ತಿರುಪು ಹದಗೊಳಿಸುವುದಕ್ಕಾಗಿ ಇದೆ, ಮರೆಮಾಡುವುದಕ್ಕಾಗಿ ಅಲ್ಲ. ಕಾರಣವನ್ನು ಕಂಡು ನಿವಾರಿಸಿದ ಮೇಲೆ ಅದನ್ನು ಕೊನೆಯಲ್ಲಿ ಮುಟ್ಟಬೇಕು. ಹಾಗೆಯೇ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಒಮ್ಮೆಗೇ ಪ್ಲಗ್ಗು, ತಂತಿ, ಶೋಧಕಗಳನ್ನೆಲ್ಲ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯದು. ಹೋಗದಿದ್ದರೆ ಹಣವೂ ವ್ಯರ್ಥ, ಶ್ರಮವೂ ವ್ಯರ್ಥ.

ನಿಂತಲ್ಲಿ ತಿರುಗುವ ಎಂಜಿನ್ನಿನ ಬಗ್ಗೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಸೇರಿಕೊಳ್ಳುತ್ತದೆ. ಮಳೆ ಬರುತ್ತಿದೆಯೆಂದು ಮುಚ್ಚಿದ ಕೊಠಡಿಯಲ್ಲಿ ಎಂಜಿನ್ನನ್ನು ತಿರುಗಿಸಿ ಪರೀಕ್ಷಿಸುವವನು ನಿದ್ದೆ ಬಂದಂತಾಗಿ ಕುಸಿದು ಮತ್ತೆ ಏಳದಿರಬಹುದು. ಆದುದರಿಂದ ಈ ಕೆಲಸವನ್ನು ಯಾವಾಗಲೂ ಬಯಲಿನಲ್ಲಿ ಮಾಡತಕ್ಕದ್ದು. ಹೊಗೆಯಲ್ಲಿ ಈ ಅನಿಲದ ಪ್ರಮಾಣವನ್ನು ಎಂಜಿನ್ನು ಐಡಲಿನಲ್ಲಿರುವಾಗ ಅಳೆಯುವ ಪರೀಕ್ಷೆಗೆ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಆಧಾರ. ಐಡಲ್ ಕೆಟ್ಟ ಕಾರು ಒಡೆಯನಿಗೆ ಮಾತ್ರವಲ್ಲ, ಊರಿನ ಗಾಳಿಗೂ ತೊಂದರೆಯೇ.

ಎರಡನೆಯದು ಮಿತವ್ಯಯಕ್ಕೆ ಸಂಬಂಧಿಸಿದ್ದು. ಚಿಕ್ಕ ಕಾರೊಂದು ಸುಮ್ಮನೆ ನಿಂತು ತಿರುಗಿದರೂ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪೆಟ್ರೋಲನ್ನು ಕುಡಿಯುತ್ತದೆ. ಕಾಯುವ ಕಾಲ ದೀರ್ಘವಾಗಿದ್ದರೆ ಎಂಜಿನ್ನನ್ನು ಆರಿಸುವುದೇ ಲೇಸು.

ಎಂಜಿನ್ನು ಮಾತನಾಡಲಾರದು; ಆದರೆ ಅದರ ನಡುಕ, ಸದ್ದು, ಹೊಗೆ, ವಾಸನೆಗಳೇ ಅದರ ಭಾಷೆ. ಆ ಭಾಷೆಯನ್ನು ತಾಳ್ಮೆಯಿಂದ ಆಲಿಸುವವನು ಕೈಗೆ ಎಣ್ಣೆಮಸಿ ಮೆತ್ತಿಕೊಂಡಿದ್ದರೂ ವಿಜ್ಞಾನಿಯೇ ಸರಿ. ಅವನು ಊಹಿಸುತ್ತಾನೆ, ಪರೀಕ್ಷಿಸುತ್ತಾನೆ, ತಪ್ಪಾದ ಊಹೆಯನ್ನು ಸಂಕೋಚವಿಲ್ಲದೆ ಬಿಡುತ್ತಾನೆ, ಉಳಿದುದನ್ನು ಹಿಂಬಾಲಿಸುತ್ತಾನೆ. ಪ್ರಯೋಗಶಾಲೆಯಲ್ಲಿ ನಡೆಯುವುದೂ ಇದೇ ಕ್ರಮ. ಹೆದ್ದಾರಿಯ ಬದಿಯ ಮರದ ನೆರಳಿನಲ್ಲಿ, ಬಿಚ್ಚಿಟ್ಟ ಬಾನೆಟ್ಟಿನ ಮೇಲೆ ಬಾಗಿ, ಕಿವಿಗೊಟ್ಟು ನಿಂತಿರುವ ಕುಶಲಕರ್ಮಿಯನ್ನು ಕಂಡಾಗ ಇದನ್ನು ನೆನೆಯಬೇಕು. ಅವನು ಆಲಿಸುತ್ತಿರುವುದು ಒಂದು ಯಂತ್ರದ ಸದ್ದನ್ನು. ಕಾಯುತ್ತಿರುವುದು ಅದರಲ್ಲಿ ಕುಳಿತು ಹೋಗುವವರ ಪ್ರಾಣವನ್ನು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಐಡಲ್ ವೇಗ ಎಂದರೇನು?
2. ಎಂಜಿನ್ನಿನ ನಾಲ್ಕು ಹಂತಗಳು ಯಾವುವು?
3. ಕಾರ್ಬನ್ ಮಾನಾಕ್ಸೈಡನ್ನು ಗುರುತಿಸುವುದು ಏಕೆ ಕಷ್ಟ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಾಳಿಯ ಸೋರಿಕೆಯಿಂದಾದ ನಡುಕ ವೇಗ ಏರಿದಾಗ ಏಕೆ ಮಾಯವಾಗುತ್ತದೆ?
2. ಒಂದೇ ಕಾರು ಮಂಕಿಯಲ್ಲಿಯೂ ಸಿರಸಿಯಲ್ಲಿಯೂ ಬೇರೆ ಬೇರೆ ನಿರ್ವಾತವನ್ನು ತೋರಿಸಲು ಕಾರಣವೇನು?
3. ಕರಾವಳಿಯ ಹವೆ ಕಾರಿಗೆ ಯಾವ ತೊಂದರೆಗಳನ್ನು ಉಂಟುಮಾಡುತ್ತದೆ?

ಇ. ವಿವರವಾಗಿ ಉತ್ತರಿಸಿರಿ.
1. ಬೂಸ್ಟರಿನ ಪೊರೆ ಹರಿದಿದೆಯೆಂಬ ನಿರ್ಣಯಕ್ಕೆ ಕುಶಲಕರ್ಮಿಯು ಹೇಗೆ ಬಂದನು? ಅವನ ಒಂದೊಂದು ಹೆಜ್ಜೆಯನ್ನೂ ಕಾರಣಸಹಿತ ಬರೆಯಿರಿ.
2. “ಐಡಲಿನ ತಿರುಪು ಹದಗೊಳಿಸುವುದಕ್ಕಾಗಿ ಇದೆ, ಮರೆಮಾಡುವುದಕ್ಕಾಗಿ ಅಲ್ಲ” — ಈ ಮಾತು ಜೀವನದ ಬೇರೆ ಯಾವ ಸಂದರ್ಭಗಳಿಗೆ ಅನ್ವಯಿಸುತ್ತದೆ? ಚರ್ಚಿಸಿರಿ.

ಈ. ಭಾಷಾಭ್ಯಾಸ
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಅತ್ಯಲ್ಪ, ಮಳೆಗಾಲ, ಊರಿದೆ.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಹೆದ್ದಾರಿ, ನಾಡಿಪರೀಕ್ಷೆ, ಹಗಲಿರುಳು.
3. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಕಿವಿಗೊಡು, ಸಾಕ್ಷಿ ನುಡಿ, ತಪ್ಪಿದ್ದಲ್ಲ.